ಉಗುರಿನ ಗುರುತು

“ಗುರುಗಳೇ, ಅಣ್ಣನ ಮೇಲಿನ ಸಿಟ್ಟು ಯಾಕೆ ಇಳಿಯುತ್ತಿಲ್ಲ?” ಎಂದು ಶಿಷ್ಯ ಕೊಟ್ರೇಶ ಕೇಳಿದ. ಕೇಳುವಾಗಲೂ ಹಲ್ಲು ಕಡಿಯುತ್ತಿದ್ದ.

ತಂಗಿಯ ಮದುವೆ ಮಾತುಕತೆಗೆ ಅಣ್ಣ ಅವನನ್ನು ಕರೆದಿರಲಿಲ್ಲ. ಕೊಟ್ರೇಶ ಅದನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ. ತಪ್ಪಾಯಿತೆನ್ನಲು ಅಣ್ಣ ಒಮ್ಮೆ ಬಂದಾಗ ಮುಖಕ್ಕೇ ಬಾಗಿಲು ಹಾಕಿದ. ಈಗ ಅಣ್ಣ ಎರಡನೆಯ ಸಲ ಬಂದು ಮಠದ ಜಗಲಿಯ ಮೇಲೆ ಕೂತಿದ್ದ. ಒಳಗೆ ಕರೆಯುವುದೋ ಓಡಿಸುವುದೋ ಎಂದು ಕೊಟ್ರೇಶ ಕುದಿಯುತ್ತಿದ್ದ.

“ಒಂದು ಕತೆ ಕೇಳು,” ಎಂದರು ಗುರುಗಳು. “ಅಕ್ಷರ ಅಕ್ಷರವೂ ನಿಜ. ಈ ಸೀಮೆಯಲ್ಲಿ ನನ್ನಷ್ಟು ನಿಜ ಹೇಳುವವನು ಇನ್ನೊಬ್ಬನಿದ್ದ. ಅವನೂ ನನ್ನ ಹತ್ತಿರವೇ ಕಲಿತವನು.”

ಒಬ್ಬ ವ್ಯಾಪಾರಿಗೆ ಭಾರದ ಚೆಂಡು ಉರುಳಿಸಿ ಗೂಟ ಬೀಳಿಸುವ ಬೌಲಿಂಗ್ ಆಟದ ಹುಚ್ಚು. ಅವನು ಚೆಂಡು ಉರುಳಿಸಿದರೆ ಎದುರಿನ ಹತ್ತು ಗೂಟಗಳಷ್ಟೇ ಅಲ್ಲ, ಪಕ್ಕದ ಸಾಲಿನವೂ ಹೆದರಿ ಮಲಗುತ್ತಿದ್ದವು. ಆ ಚೆಂಡನ್ನು ಅವನ ಭಾವಮೈದ ಎರವಲು ಪಡೆದು, ಬಿಸಿಲಲ್ಲಿ ನಿಂತ ಕಾರಿನಲ್ಲಿ ಮರೆತ. ಬೆರಳು ತೂರಿಸುವ ತೂತುಗಳ ನಡುವೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತು.

ಭಾವಮೈದ ಹೆದರಿದ. ಚೆಂಡನ್ನು ಬಿಸಿ ಸೋಪಿನ ನೀರಲ್ಲಿ ನೆನೆಸಿ, ಎಣ್ಣೆ ಸವರಿದ ಆಟದ ನೆಲದಲ್ಲಿ ಉರುಳಿ ಅದು ಕುಡಿದಿದ್ದ ಜಿಡ್ಡು ಬಿಡಿಸಿದ. ನೆರಳಲ್ಲಿ ಆರಿಸಿ ಬಿರುಕಿಗೆ ಅಂಟು ತುಂಬಿದ. ತಂದು ಕೈಮುಗಿದ.

“ಭಾವ, ತಪ್ಪಾಯಿತು. ಅಂಟು ಗಟ್ಟಿಯಾಗುವವರೆಗೆ ಮುಟ್ಟಬೇಡಿ.”

ವ್ಯಾಪಾರಿಗೆ ಸಿಟ್ಟು ನೆತ್ತಿಗೇರಿತ್ತು. ಚೆಂಡನ್ನು ಅಂಗಡಿಯ ಗಲ್ಲಾದ ಮೇಲೇ ಇಟ್ಟ. ಬೆಲ್ಲ ಕೊಳ್ಳಲು ಬಂದವರಿಗೆ ಮೊದಲು ಬಿರುಕು, ಆಮೇಲೆ ಬೆಲ್ಲ. “ನೋಡಿ ಸ್ವಾಮಿ, ನನ್ನ ಹೆಂಡತಿಯ ತಮ್ಮ ಮಾಡಿದ ಘನಕಾರ್ಯ!” ಎಂದು ಉಗುರು ತೂರಿಸಿ ಆಳ ತೋರಿಸುವನು. ಮಾತಿಗೊಮ್ಮೆ ಚೆಂಡನ್ನು ಹಲಗೆಗೆ ಕುಟ್ಟುವನು. ಅಂಟು ಕಿತ್ತು ಬಂತು. ಬಿರುಕು ಬೆಳೆಯಿತು. ಸಿಟ್ಟೂ ಬೆಳೆಯಿತು.

ಭಾವಮೈದ ಮತ್ತೆ ಬಂದು ಮತ್ತೆ ಅಂಟು ತುಂಬಿದ. ವ್ಯಾಪಾರಿ ಮತ್ತೆ ತೋರಿಸಿದ, ಮತ್ತೆ ಕುಟ್ಟಿದ. ಒಂದು ಸಂತೆಯ ದಿನ ಅಂಗಡಿ ತುಂಬ ಜನರಿದ್ದಾಗ ಚೆಂಡು ಎರಡು ಹೋಳಾಯಿತು.

“ನೋಡಿದಿರಾ, ಹೇಗೆ ಒಡೆದಿದ್ದಾನೆ!” ಎಂದು ವ್ಯಾಪಾರಿ ಕೂಗಿದ.

ಮೂರನೆಯ ಸಲವೂ ಭಾವಮೈದ ಬಂದ. ಹೋಳುಗಳನ್ನು ತಿರುಗಿಸಿ ನೋಡಿದ. “ಭಾವ, ಬಿಸಿಲು ಮಾಡಿದ್ದು ಕೂದಲೆಳೆಯಷ್ಟು. ಉಳಿದದ್ದೆಲ್ಲ ನಿಮ್ಮ ಉಗುರಿನ ಗುರುತು,” ಎಂದ. ಆದರೂ ಕೂತು ಎರಡು ಹೋಳನ್ನೂ ಕೂಡಿಸಿ ಅಂಟಿಸಿಕೊಟ್ಟ. ಈ ಸಲ ವ್ಯಾಪಾರಿ ಮುಟ್ಟಲಿಲ್ಲ. ಚೆಂಡು ಗಟ್ಟಿಯಾಗಿ ನಿಂತಿತು.

ಕೊಟ್ರೇಶನ ಉಸಿರು ಸಡಿಲವಾಯಿತು. “ಅಂದರೆ ಅಷ್ಟಾದ ಮೇಲೂ ಸರಿಹೋಯಿತು. ಹಾಗಿದ್ದರೆ ನನಗೇನು ಅವಸರ? ಇವತ್ತು ಹೋಗಲಿ, ಅಣ್ಣ ಇನ್ನೊಮ್ಮೆ ಬಂದಾಗ ನೋಡೋಣ,” ಎಂದ.

ಗುರುಗಳು ಹೇಳಿದರು: “ಕತೆಯೆಲ್ಲ ನಿಜವಪ್ಪಾ, ಭಾವಮೈದ ಮೂರನೆಯ ಸಲ ಬಂದನೆಂಬ ಸಣ್ಣ ಸಂಗತಿಯೊಂದನ್ನು ಮಾತ್ರ ನಾನೇ ಸೇರಿಸಿದೆ.”