ಆಷಾಢದ ದಿಬ್ಬಣ

೧೯೬೮ನೇ ಇಸವಿ ಮಾರ್ಚ್ ೧೪, ಗುರುವಾರ. ಮಠದ ಗುಮಾಸ್ತನ ಹಳೆಯ ದಿನಚರಿಯಲ್ಲಿ ಈ ತಾರೀಖಿನ ಕೆಳಗೆ ಒಂದು ಪ್ರಶ್ನೆಯೂ ಅದಕ್ಕೆ ಮಠದಲ್ಲಿ ಸಿಕ್ಕ ಉತ್ತರವೂ ಇವೆ. ಬಿ.ಎ. ಓದಿದ ಕೈ, ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದಿಟ್ಟಿದೆ. ಒಂದು ಮಾತನ್ನೂ ಬಿಟ್ಟಿಲ್ಲ.

"ಬುದ್ಧೀ, ನಾಡಿನ ಹಿತಕ್ಕೆ ಅಡ್ಡ ಬಂದರೆ, ಪರನಾಡಿನೊಂದಿಗೆ ಮಾಡಿಕೊಂಡ ಒಪ್ಪಂದವನ್ನು ಸರ್ಕಾರ ಮುರಿಯಬಹುದೇ?"

ಕೇಳಿದವನು ಮಲ್ಲಿನಾಥ. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುವವನು, ಮಠದ ಶಿಷ್ಯ.

"ನೀನೇನು ಹೇಳುತ್ತೀ?" ಎಂದರು ಗುರುಗಳು.

"ಮುರಿಯಲೇಬೇಕು ಎನ್ನುತ್ತೇನೆ. ನಾಳೆ ಪುರಭವನದ ಚರ್ಚೆಯಲ್ಲೂ ಅದನ್ನೇ ಹೇಳುವವನಿದ್ದೇನೆ. ಸರ್ಕಾರಕ್ಕೆ ಮೊದಲು ತನ್ನ ಜನ, ಆಮೇಲೆ ಕೊಟ್ಟ ಮಾತು."

"ಸರಿ. ಹಾಗಾದರೆ ಒಂದು ಮದುವೆಯ ಕತೆ ಕೇಳು," ಎಂದು ಗುರುಗಳು ಹೇಳತೊಡಗಿದರು.

ಗುಡ್ಡನಾಡು ಎಂಬುದೊಂದು, ಬಯಲುನಾಡು ಎಂಬುದೊಂದು. ಬಯಲಿನಲ್ಲಿ ಉಪ್ಪು, ಗುಡ್ಡದಲ್ಲಿ ಮೆಣಸು. ನಡುವೆ ಒಂದು ಕಣಿವೆ, ಕಣಿವೆಯ ಬಾಯಲ್ಲಿ ಗುಡ್ಡನಾಡಿನ ಸುಂಕದ ಕಟ್ಟೆ. ಆ ಕಟ್ಟೆಯಲ್ಲಿ ಒಬ್ಬ ಅಜ್ಜಿ ಇದ್ದಳು. ಗಂಡ ಸತ್ತ ಮೇಲೆ ಅವನ ಕೆಲಸವನ್ನು ಅವಳೇ ನಡೆಸುತ್ತಿದ್ದಳು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲ ಎನ್ನುವುದು ಗಾದೆ. ಆದರೆ ಈ ಸುಂಕದವಳ ಮುಂದೆ ಮಾತ್ರ ದಾರಿಹೋಕರೆಲ್ಲ ಹೇಳಿಕೊಂಡೇ ಮುಂದೆ ಹೋಗುತ್ತಿದ್ದರು. ಅವಳು ಎಲ್ಲವನ್ನೂ ಕೇಳುತ್ತಿದ್ದಳು, ಸುಂಕವನ್ನೂ ಬಿಡುತ್ತಿರಲಿಲ್ಲ.

ಎರಡು ನಾಡುಗಳ ನಡುವೆ ಒಂದು ಒಪ್ಪಂದವಿತ್ತು. ಮದುವೆಯ ದಿಬ್ಬಣವನ್ನು ಯಾರೂ ತಡೆಯಬಾರದು, ತಡಕಬಾರದು, ಸುಂಕ ಕೇಳಬಾರದು. ಇದನ್ನು ಒಂದು ಕಲ್ಲಿನಲ್ಲಿ ಕೊರೆದು ಸುಂಕದ ಕಟ್ಟೆಯ ಎದುರಿಗೇ ನಿಲ್ಲಿಸಿದ್ದರು. ದಿಬ್ಬಣ ಬಂದರೆ ಅಜ್ಜಿ ಬೆಲ್ಲ, ನೀರು ಕೊಟ್ಟು, ಮದುಮಕ್ಕಳ ದೃಷ್ಟಿ ತೆಗೆದು ಕಳಿಸುತ್ತಿದ್ದಳು. ಲೆಕ್ಕ ತಪ್ಪಬಾರದೆಂದು ದಿಬ್ಬಣಕ್ಕೊಂದು ಹುಣಿಸೆ ಬೀಜವನ್ನು ಕುಡಿಕೆಯಲ್ಲಿ ಹಾಕುತ್ತಿದ್ದಳು.

ಆ ಕಲ್ಲಿಗೂ ಹಿಂದೆ ಇಂಥದೇ ಒಂದು ಒಪ್ಪಂದವಿತ್ತು. ಈಗಿನ ರಾಜನ ತಾತ ಅದನ್ನು ನಾಡಿನ ಹಿತವೆಂದೇ ಮುರಿದಿದ್ದ. ಮರುದಿನವೇ ಬಯಲುನಾಡೂ ತನ್ನ ಬಾಗಿಲು ಹಾಕಿತು. ಅಜ್ಜಿಯ ತಾಯಿ ಬಯಲುನಾಡಿನ ಹೆಣ್ಣು. ಹನ್ನೊಂದು ವರ್ಷ ಅವಳಿಗೆ ತವರಿನಿಂದ ಗೌರಿ ಹಬ್ಬದ ಬಾಗಿನ ಬರಲಿಲ್ಲ. ಪ್ರತಿ ಹಬ್ಬಕ್ಕೂ ತಲೆಗೆ ಎರೆದುಕೊಂಡು, ಮಡಿಯುಟ್ಟು, ಕಣಿವೆಯ ಬಾಯಿಗೆ ಬಂದು ಸಂಜೆಯವರೆಗೆ ನಿಲ್ಲುತ್ತಿದ್ದಳು. ಸೆರಗು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದ ಹುಡುಗಿಯೇ ಮುಂದೆ ಈ ಅಜ್ಜಿಯಾದಳು.

ಈಗ ಅಜ್ಜಿಯ ಮೊಮ್ಮಗಳನ್ನು ಬಯಲುನಾಡಿಗೆ ಕೊಡುವುದೆಂದು ಮಾತಾಗಿತ್ತು. ಶ್ರಾವಣದ ಮೊದಲ ಮುಹೂರ್ತ. ಇನ್ನು ಹತ್ತೊಂಬತ್ತು ದಿನ.

ಅಷ್ಟರಲ್ಲಿ ಆಷಾಢದಲ್ಲಿ ದಿಬ್ಬಣಗಳು ಬರತೊಡಗಿದವು.

ಆಷಾಢದಲ್ಲಿ ಮದುವೆ! ಮೊದಲನೆಯದು ಬಂದಾಗ ಅಜ್ಜಿ ತನಗೇ ತಿಥಿ ಮರೆತಿರಬೇಕು ಎಂದುಕೊಂಡಳು. ಎರಡನೆಯದು ಬಂದಾಗ ಮದುಮಗನ ಮುಖವನ್ನು ಗಮನಿಸಿದಳು. ಮೂರನೆಯದು ಬಂದಾಗ ಅದೇ ಮುಖವನ್ನು ಮತ್ತೆ ಕಂಡಳು. ಅವನೊಬ್ಬ ಉಪ್ಪಿನ ವ್ಯಾಪಾರಿ, ಐವತ್ತು ದಾಟಿದವನು. ತಲೆಗೆ ಅದೇ ಬಾಸಿಂಗ, ಪಕ್ಕದಲ್ಲಿ ಗಲ್ಲದವರೆಗೆ ಸೆರಗೆಳೆದುಕೊಂಡ ಮದುಮಗಳು, ಹಿಂದೆ ಜಮಖಾನೆ ಹೊದಿಸಿದ ಆರು ಗಾಡಿ. ಗಾಡಿಯ ಸಂದಿಯಿಂದ ಬಿಳಿಯ ಹರಳು ಉದುರುತ್ತಿತ್ತು. ಅದು ಅಕ್ಷತೆಯಂತೂ ಅಲ್ಲ. ಮದುವೆ ಮಾಡಿ ನೋಡು ಎಂದು ಹಿರಿಯರು ಹೆದರಿಸಿದ್ದು ಈ ವ್ಯಾಪಾರಿಗೆ ತಾಕಿದಂತಿರಲಿಲ್ಲ.

ಸುದ್ದಿ ಅರಮನೆಗೆ ಹೋಯಿತು. ರಾಜ ಮಂತ್ರಿಯನ್ನು ಕರೆದುಕೊಂಡು ತಾನೇ ಕಟ್ಟೆಗೆ ಬಂದ.

ಮಂತ್ರಿ ಹೇಳಿದ: "ಒಡೆಯಾ, ಉಪ್ಪಿನ ಸುಂಕದಿಂದಲೇ ನಮ್ಮ ಕೆರೆ, ಕಾಲುವೆಗಳು ನಡೆಯಬೇಕು. ಇವರು ಒಪ್ಪಂದದ ಸೆರಗಿನಲ್ಲಿ ಉಪ್ಪು ಕಟ್ಟಿಕೊಂಡು ಬರುತ್ತಿದ್ದಾರೆ. ನಾಳೆಯಿಂದ ಪ್ರತಿ ದಿಬ್ಬಣವನ್ನೂ ತಡೆದು ತಡಕೋಣ. ನಾಡು ದೊಡ್ಡದೋ, ಕಲ್ಲು ದೊಡ್ಡದೋ?"

ಮಾತಿನಲ್ಲಿ ತಪ್ಪಿರಲಿಲ್ಲ. ರಾಜ ಅಜ್ಜಿಯ ಕಡೆ ನೋಡಿದ.

"ಬಯಲಿನಿಂದ ಎಷ್ಟು ಬಂದವು, ಅಜ್ಜಿ?"

ಅಜ್ಜಿ ಕುಡಿಕೆ ಮಗುಚಿದಳು. "ಈ ಆಷಾಢದಲ್ಲಿ ಹದಿನಾಲ್ಕು, ದೊರೆ."

"ನೋಡಿದಿರಾ!" ಎಂದ ಮಂತ್ರಿ.

ಅಜ್ಜಿ ಇನ್ನೊಂದು ಕುಡಿಕೆ ತಂದು ಅದನ್ನೂ ಮಗುಚಿದಳು. "ಇದು ನಮ್ಮಿಂದ ಆಚೆಗೆ ಹೋದದ್ದು. ಹದಿನೇಳು. ಆ ಗಾಡಿಗಳ ಹಿಂದೆ ನಿಂತರೆ ಮೆಣಸಿನ ಘಾಟಿಗೆ ಸೀನು ಬರುತ್ತದೆ. ಅದರಲ್ಲಿ ಐದು ದಿಬ್ಬಣ ದೊಡ್ಡ ಮನೆಯವರದು. ಯಾರೆಂದು ಹೇಳಲೇ, ಮಂತ್ರಿಗಳೇ? ನಿಮ್ಮ ಹೆಂಡತಿಯ ಕಡೆಯ..."

"ಹೆಸರೆಲ್ಲ ಈಗ ಯಾಕೆ!" ಎಂದು ಮಂತ್ರಿ ಕೆಮ್ಮಿದ. ಆಮೇಲೆ ಸಾವರಿಸಿಕೊಂಡು, "ಒಡೆಯಾ, ಅಜ್ಜಿಗೆ ಮೊಮ್ಮಗಳ ಮದುವೆ ಹತ್ತಿರ ಬಂದಿದೆ. ಒಪ್ಪಂದದ ಮೇಲೆ ಇಷ್ಟು ಪ್ರೀತಿ ಅದಕ್ಕೇ," ಎಂದ.

"ಅದಕ್ಕೇ ಸ್ವಾಮಿ, ಸುಳ್ಳು ಯಾಕೆ ಹೇಳಲಿ," ಎಂದಳು ಅಜ್ಜಿ. "ನಾಡಿನ ಹಿತ ಅಂತೀರಲ್ಲ, ಆ ನಾಡಿನಲ್ಲಿ ನನ್ನ ಮೊಮ್ಮಗಳನ್ನೂ ಎಣಿಸಿದ್ದೀರೋ ಇಲ್ಲವೋ, ಅದನ್ನು ನೀವೇ ಹೇಳಬೇಕು."

ರಾಜ ತಲೆತಗ್ಗಿಸಿ ಯೋಚಿಸಿದ. "ಅಜ್ಜಿ, ಮುರಿದರೆ ನಿನ್ನ ಮನೆ ಮುರಿಯುತ್ತದೆ. ಹೀಗೇ ಬಿಟ್ಟರೆ ಕೆರೆ ಒಡೆಯುತ್ತದೆ. ನಾನೇನು ಮಾಡಲಿ?"

"ಮುರಿಯುವುದಕ್ಕೆ ಮೊದಲು ಒಂದು ಸಲ ಪೂರ್ತಿ ಓದಿ, ದೊರೆ."

ಕಲ್ಲಿನ ಬುಡಕ್ಕೆ ಒರಗಿಸಿ ಇಟ್ಟಿದ್ದ ಬೆಲ್ಲದ ನೀರಿನ ಹರವಿಯನ್ನು ಅವಳು ಪಕ್ಕಕ್ಕೆ ಸರಿಸಿದಳು. ಸೆರಗಿನಿಂದ ಅಂಟು ಒರೆಸಿದಳು. ಅಲ್ಲಿ ಇನ್ನೊಂದು ಸಾಲು ಇತ್ತು. ಬಾಗಿಲು ಮತ್ತೆ ತೆರೆದ ವರ್ಷ ಅವಳ ತಾಯಿ ಬೆರಳಿಟ್ಟು ಓದಿಸಿಕೊಂಡಿದ್ದ ಸಾಲು ಅದು. ರಾಜ ಬಗ್ಗಿ ಓದಿದ: ಆಚೆಯವರ ಮದುವೆಯನ್ನು ಈಚೆಯವರು ತಮ್ಮ ಮನೆಯ ಮದುವೆಯೆಂದೇ ನಿಂತು ನಡೆಸತಕ್ಕದ್ದು.

ಬಗ್ಗಿದವನು ಮೇಲೆದ್ದಾಗ ರಾಜ ನಗುತ್ತಿದ್ದ.

ಮರುದಿನ ಬೆಳಿಗ್ಗೆ ಉಪ್ಪಿನ ವ್ಯಾಪಾರಿಯ ನಾಲ್ಕನೆಯ ದಿಬ್ಬಣ ಬಂತು. ಕಣಿವೆಯ ಬಾಯಲ್ಲಿ ಹಸಿರು ಚಪ್ಪರ. ತಮಟೆ, ಓಲಗ. ಒಲೆಯ ಮೇಲೆ ಪಾಯಸ. ಪುರೋಹಿತರು ಬಂದು ಕೂತಾಗಿತ್ತು. ರಾಜ ಶಲ್ಯ ಹೊದ್ದು ಬಾಗಿಲಲ್ಲೇ ನಿಂತಿದ್ದ.

"ಬನ್ನಿ ಅಳಿಯಂದಿರೇ, ಬನ್ನಿ," ಎಂದು ಅಜ್ಜಿ ಬೆಲ್ಲ, ನೀರು ಕೊಟ್ಟಳು. "ಮದುವೆ ಯಾವ ಊರಲ್ಲಿ?"

"ಅಲ್ಲೇ... ಮುಂದಿನ ಊರಲ್ಲಿ."

"ಯಾರ ಮನೆಯಲ್ಲಿ?"

ವ್ಯಾಪಾರಿ ಬೆಲ್ಲ ನುಂಗಿದ.

"ಗೊತ್ತಿಲ್ಲದ ಮನೆ ಹುಡುಕಿಕೊಂಡು ಯಾಕೆ ಅಲೆಯುತ್ತೀರಿ? ಇದೇ ನಿಮ್ಮ ಮನೆ. ದೊರೆಗಳೇ ನಿಂತು ಧಾರೆ ಎರೆಸುತ್ತಾರೆ. ಬಾರಮ್ಮ, ನಾಚಬೇಡ." ಮದುಮಗಳ ಕೈ ಹಿಡಿದು ಇಳಿಸಿದಳು. ಮೂಟೆ ಹೊತ್ತು ಹೊತ್ತು ದಡ್ಡುಗಟ್ಟಿದ ಕೈ.

ಯಾರೂ ದಿಬ್ಬಣವನ್ನು ತಡೆಯಲಿಲ್ಲ. ಯಾರೂ ಗಾಡಿಯ ಜಮಖಾನೆ ಎತ್ತಲಿಲ್ಲ. ತಮಟೆಯವನು ಹುರುಪಿನಲ್ಲಿ ಬಾರಿಸಿದ ರಭಸಕ್ಕೆ ಚರ್ಮ ಹರಿದುಹೋಯಿತು. ಮದುಮಕ್ಕಳನ್ನು ಹಸೆಯ ಮೇಲೆ ಕೂರಿಸಿದರು. ಆಷಾಢದ ಗಾಳಿ ಕೇಳಬೇಕೇ? ಕಣಿವೆಯಿಂದ ಒಂದೇ ಸಮನೆ ನುಗ್ಗಿ ಮದುಮಗಳ ಸೆರಗನ್ನು ಎತ್ತಿ ಚಪ್ಪರದ ಕಂಬಕ್ಕೆ ಸುತ್ತಿತು. ಸೆರಗಿನ ಕೆಳಗೆ ಒಂದು ಮೀಸೆ ಇತ್ತು. ಸಣ್ಣದಲ್ಲ, ಎಣ್ಣೆ ಹಚ್ಚಿ ತಿರುವಿದ ಮೀಸೆ.

ಚಪ್ಪರಕ್ಕೆ ಚಪ್ಪರವೇ ಉರುಳಾಡಿ ನಕ್ಕಿತು. ಪುರೋಹಿತರು ಮಾತ್ರ ನಗದೆ, "ಕನ್ಯೆಯ ಗೋತ್ರ?" ಎಂದು ಕೇಳಿದರು.

ವ್ಯಾಪಾರಿ ಬಾಸಿಂಗ ಕಿತ್ತು ರಾಜನ ಕಾಲಿಗೆ ಬಿದ್ದ. "ಒಡೆಯಾ, ನಾಲ್ಕು ದಿಬ್ಬಣದ ಸುಂಕವನ್ನೂ ಒಟ್ಟಿಗೆ ತಗೊಳ್ಳಿ. ಈ ಮದುವೆಯೊಂದನ್ನು ಮಾಡಿಸಬೇಡಿ!"

"ದಿಬ್ಬಣಕ್ಕೆ ಸುಂಕ ಕೇಳುವ ಹಾಗಿಲ್ಲವಪ್ಪ," ಎಂದಳು ಅಜ್ಜಿ. "ಒಪ್ಪಂದವಿದೆ."

"ಇದು ದಿಬ್ಬಣವಲ್ಲ ತಾಯಿ! ಉಪ್ಪು, ಬರೀ ಉಪ್ಪು!"

"ಉಪ್ಪಾದರೆ ಆ ಕಡೆಯ ಸಾಲಿನಲ್ಲಿ ನಿಲ್ಲು. ಪಾಯಸ ಕುಡಿದು ಹೋಗು, ಆರಿಹೋಗುತ್ತದೆ."

ಕತೆ ಬಯಲುನಾಡಿನ ರಾಜನ ಕಿವಿಗೂ ಬಿತ್ತು. ಅವನು ಕಣ್ಣೊರೆಸಿಕೊಳ್ಳುವಷ್ಟು ನಕ್ಕು, ತಾನೂ ಒಂದು ಚಪ್ಪರ ಹಾಕಿಸಿ ಗುಡ್ಡನಾಡಿನ ದಿಬ್ಬಣಗಳನ್ನು ಕಾದು ಕೂತ. ಮಂತ್ರಿಯ ಭಾವಮೈದುನ ಮೆಣಸಿನ ಗಾಡಿಗಳನ್ನು ಅರ್ಧ ದಾರಿಯಿಂದಲೇ ತಿರುಗಿಸಿದ. ಅವನ ಹಿಂದೆ ಬಂದವನು ಒಬ್ಬ ವಿಧುರ. ಮದುಮಗಳಾಗಿ ಕೂರಲು ಒಬ್ಬ ವಿಧವೆಯನ್ನು ಕೂಲಿಗೆ ಕರೆತಂದಿದ್ದ. ಹಸೆಯ ಮೇಲೆ ಕೂತ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಎದ್ದೇಳಲಿಲ್ಲ. ಪುರೋಹಿತರು ಆಷಾಢವೆಂದು ಗೊಣಗಿದಾಗ, "ಸುಳ್ಳು ಮದುವೆಗೆ ಅಡ್ಡ ಬಾರದ ಆಷಾಢ ನಿಜವಾದದ್ದಕ್ಕೆ ಯಾಕೆ ಬರಬೇಕು?" ಎಂದು ಕೇಳಿದವಳು ಮದುಮಗಳೇ. ಆ ಮದುವೆಯ ಊಟ ಎರಡು ದಿನ ನಡೆಯಿತು.

ಶ್ರಾವಣದ ಮೊದಲ ಮುಹೂರ್ತಕ್ಕೆ ಅಜ್ಜಿಯ ಮೊಮ್ಮಗಳ ದಿಬ್ಬಣ ಕಣಿವೆ ದಾಟಿತು. ಎರಡೂ ನಾಡಿನವರು ನಿಂತು ನಡೆಸಿದರು. ಮೀಸೆಯ ಹಮಾಲಿ ಯಾರಿಗೂ ಗುರುತು ಸಿಗಬಾರದೆಂದು ಮೀಸೆ ಬೋಳಿಸಿಕೊಂಡು ಊಟಕ್ಕೆ ಬಂದ. ಎಲ್ಲರೂ "ಮದುಮಗಳು ಬಂದಳು" ಎಂದು ಕೂಗಿ ಪಂಕ್ತಿಯ ಮೊದಲ ಎಲೆಗೆ ಕೂರಿಸಿದರು. ಭಾದ್ರಪದದಲ್ಲಿ ಗೌರಿ ಹಬ್ಬ ಬಂತು. ಅಜ್ಜಿ ಮೊರದ ಬಾಗಿನ ಕಟ್ಟಿ, ತನ್ನ ಕೈಯಾರೆ ಕಣಿವೆಯ ಆಚೆಗೆ ಹೊತ್ತುಕೊಂಡು ಹೋದಳು. ಕಟ್ಟೆಯ ಹತ್ತಿರ ಮಾತ್ರ ಒಂದು ಗಳಿಗೆ ನಿಂತಳು, ತಾಯಿ ನಿಲ್ಲುತ್ತಿದ್ದ ಜಾಗದಲ್ಲಿ.

ಗುರುಗಳು ಕತೆ ನಿಲ್ಲಿಸಿದರು. ಮಲ್ಲಿನಾಥ ಇನ್ನೂ ಮೀಸೆಗೇ ನಗುತ್ತಿದ್ದ. ನಕ್ಕು ಮುಗಿದ ಮೇಲೆ ಅಧ್ಯಾಪಕನಾದ.

"ಬುದ್ಧೀ, ಮಾತು ಉಳಿಸಿಕೊಳ್ಳಲು ಆ ನಾಡಿಗೆ ಆದ ಖರ್ಚೆಷ್ಟು?"

"ಬೆಲ್ಲ ಒಂಬತ್ತು ಮೂಟೆ. ತಮಟೆಯ ಚರ್ಮ ಒಂದು. ಮೀಸೆ ಒಂದು."

"ಅಜ್ಜಿ ಇದ್ದಳು, ಕಲ್ಲಿನಲ್ಲಿ ಆ ಸಾಲಿತ್ತು, ಸರಿಹೋಯಿತು. ಅಂಥ ಸಾಲೇ ಇಲ್ಲದಿದ್ದರೆ? ಆಗಲಾದರೂ ಮುರಿಯಬಹುದಲ್ಲ? ನಾಳೆ ಚರ್ಚೆಯಲ್ಲಿ ನಾನು ಏನು ಹೇಳಲಿ?"

"ಮುರಿಯಬಹುದು ಎಂದೇ ಹೇಳು, ಮಲ್ಲಿನಾಥ, ಹಿಂದೆ ಒಮ್ಮೆ ಮುರಿದಾಗ ಆದ ಖರ್ಚು ಹನ್ನೊಂದು ಬಾಗಿನ ಎಂಬುದನ್ನೂ ಹೇಳು."