ಸುತ್ತು ಹಾಕಿದ ಕೂಗು

ಬಿದಿರು ಮೆಳೆ ದಟ್ಟವಾಗಿ ಬೆಳೆದ ಒಂದು ಕಾಡಿನಲ್ಲಿ ಕೆಂಚವ್ವ ಎಂಬ ಕಾಡುಕೋಳಿ ಇದ್ದಳು. ಹೊನ್ನೆಮರದ ಬುಡದಲ್ಲಿ ಅವಳ ಗೂಡು, ಗೂಡಿನ ತುಂಬ ಮೊಟ್ಟೆ. ಒಂದು ಮಗ್ಗುಲಿನ ಮತ್ತಿಮರದ ತುದಿಯಲ್ಲಿ ಮುಸುವಜ್ಜ ಎಂಬ ಮುದಿ ಕೋತಿ, ಇನ್ನೊಂದು ಮಗ್ಗುಲಿನ ತಾರೆಮರದಲ್ಲಿ ಅಳಿಲಕ್ಕ. ತಾರೆಮರದ ಕೆಳಗೆ ಕಾಡುಹಂದಿಯ ಬಿಡಾರ; ಅಳಿಲಕ್ಕ ಕರೆದರೆ ನರಿಯನ್ನು ಅಟ್ಟುವುದು ಅದೇ. ಅಪಾಯದ ಕೂಗು ಒಂದು ಕಡೆಯಿಂದ ಕೇಳಿದರೆ ಉಳಿದ ಕಡೆಗೆಲ್ಲ ದಾಟಿಸಬೇಕು, ಇದು ಆ ಕಾಡಿನ ಕಟ್ಟಳೆ. ಮುಸುವಜ್ಜ ಕೂಗಿದರೆ ಕೆಂಚವ್ವ ಕೂಗುವಳು, ಕೆಂಚವ್ವ ಕೂಗಿದರೆ ಅಳಿಲಕ್ಕ ಕೂಗುವಳು. ಅಲ್ಲಿಗೆ ಮುಗಿಯಿತು.

ಇದರಿಂದ ನರಿಗೆ ಮೊಟ್ಟೆಯ ಹತ್ತಿರ ಸುಳಿಯುವುದಕ್ಕೇ ಆಗುತ್ತಿರಲಿಲ್ಲ. ಒಂದು ದಿನ ಅದು ಬಲು ವಿನಯದಿಂದ ಬಂದು, "ಅಜ್ಜಾ, ನಿಮಗೂ ಅಳಿಲಕ್ಕನಿಗೂ ನಡುವೆ ಈ ಮೆಳೆ ಅಡ್ಡವಿದೆ. ತೆಗೆಸಿದರೆ ನಿಮ್ಮ ಕೂಗು ಅವಳಿಗೆ ನೇರವಾಗಿ ಕೇಳುತ್ತದೆ. ಒಂದು ದಾರಿಗಿಂತ ಎರಡು ದಾರಿ ಮೇಲಲ್ಲವೇ?" ಎಂದಿತು. ಎಲ್ಲರೂ ತಲೆದೂಗಿದರು. ನರಿ ಆನೆಗಳನ್ನು ಪುಸಲಾಯಿಸಿ ಮೆಳೆ ಮುರಿಸಿತು.

ಮಾರನೆಯ ಬೆಳಿಗ್ಗೆ ಮುಸುವಜ್ಜ "ಹೆಬ್ಬಾವು ಬಂತು!" ಎಂದು ಕೂಗಿದ. ಕೆಂಚವ್ವ ದಾಟಿಸಿದಳು. ಅಳಿಲಕ್ಕ ಅದನ್ನೇ ಮುಸುವಜ್ಜನ ಕಡೆಗೆ ದಾಟಿಸಿದಳು. ಇನ್ನೊಂದು ಹಾವು ಬಂತೆಂದು ಮುಸುವಜ್ಜ ಮತ್ತೆ ಕೂಗಿದ! ಸ್ವಲ್ಪ ಹೊತ್ತಿಗೆ "ಹೆಬ್ಬಾವು ಹೋಯಿತು" ಎಂಬ ಕೂಗೂ ಸೇರಿಕೊಂಡಿತು. ಬಂತು, ಹೋಯಿತು, ಬಂತು, ಬಂತು, ಹೋಯಿತು! ಕೆಂಚವ್ವನಿಗೆ ತಲೆಬುಡ ತಿಳಿಯಲಿಲ್ಲ. ಪೊದೆಗೆ ಓಡಿದಳು, ಗೂಡಿಗೆ ಓಡಿದಳು, ಮತ್ತೆ ಪೊದೆಗೆ ಓಡಿದಳು. "ಅಯ್ಯೋ ಶಿವನೇ, ಹಾವು ಒಂದೋ ಹತ್ತೋ? ಬಂದಿದೆಯೋ ಹೋಗಿದೆಯೋ?" ಈ ಗದ್ದಲದಲ್ಲಿ ನರಿ ಮೆಲ್ಲಗೆ ಬಂದು ಒಂದು ಮೊಟ್ಟೆ ಎತ್ತಿಕೊಂಡು ಹೋಯಿತು. ಕೆಂಚವ್ವ ಅದನ್ನು ಕಂಡು ಗೋಳೋ ಎಂದು ಅತ್ತಳು.

ಅತ್ತು ಅತ್ತು ಅವಳ ಗಂಟಲು ಕಟ್ಟಿತು. ಕೂಗಲು ಆಗಲಿಲ್ಲ. ಆಶ್ಚರ್ಯ! ಕಾಡೆಲ್ಲ ತಣ್ಣಗಾಯಿತು.

"ನಾನು ಸುಮ್ಮನಾದರೆ ಹಾವುಗಳೂ ಸುಮ್ಮನಾದವೇ?" ಎಂದು ಕೆಂಚವ್ವ ಕಣ್ಣು ಕಣ್ಣು ಬಿಟ್ಟಳು. ತುಂಬ ಹೊತ್ತು ಯೋಚಿಸಿದ ಮೇಲೆ ಹೊಳೆಯಿತು. ಗಂಟಲು ಬಿಟ್ಟೊಡನೆ ಹೇಳಿದಳು: "ಅಜ್ಜಾ, ಸುತ್ತುತ್ತಿದ್ದದ್ದು ಹಾವಲ್ಲ, ನಮ್ಮ ಕೂಗು!"

"ಹಾಗಾದರೆ ಮತ್ತೆ ಬಿದಿರು ನೆಡೋಣವೇ?" ಎಂದ ಮುಸುವಜ್ಜ.

"ಬೇಡಜ್ಜ, ಆ ದಾರಿ ಆಪತ್ತಿಗಿರಲಿ. ಅಳಿಲಕ್ಕ, ಅಜ್ಜನ ಕಡೆಯ ಕಿವಿಗೆ ಬೂರುಗದ ಹತ್ತಿ ತುರುಕಿಕೋ. ಆ ಕಡೆಗೆ ಕೂಗಲೂಬೇಡ. ಎಲ್ಲ ಸರಿಯಿದ್ದರೂ ಅಜ್ಜ ಆಗಾಗ 'ಕೂ' ಎನ್ನಲಿ, ನಾನು ನಿನಗೆ ದಾಟಿಸುತ್ತೇನೆ. ನನ್ನ 'ಕೂ' ನಿಂತುಹೋದರೆ ಮಾತ್ರ ಹತ್ತಿ ತೆಗೆ."

ಹೇಳಿದಳೇನೋ ಸರಿ, ಇದು ನಡೆಯುತ್ತದೋ ಇಲ್ಲವೋ ಎಂದು ಅವಳಿಗೇ ಗೊತ್ತಿರಲಿಲ್ಲ.

ಅಳಿಲಿನ ಕಿವಿಯಲ್ಲಿ ಹತ್ತಿ ಕಂಡು ನರಿ ಹಿಗ್ಗಿತು. "ಈಗ ಇರುವುದು ಒಂದೇ ದಾರಿ. ಈ ಕೋಳಿಯ ಬಾಯಿ ಮುಚ್ಚಿದರೆ ಕೋಳಿಯೂ ನನ್ನದು, ಮೊಟ್ಟೆಯೂ ನನ್ನದು!" ಎಂದುಕೊಂಡು ಹೊಂಚು ಹಾಕಿ ಕೆಂಚವ್ವನ ಮೇಲೆ ಎರಗಿ ಕುತ್ತಿಗೆ ಅದುಮಿತು.

ಅಳಿಲಕ್ಕ ಕಾದಳು. 'ಕೂ' ಬರಲಿಲ್ಲ. ಪಟ್ಟನೆ ಹತ್ತಿ ಕಿತ್ತಳು. "ಹೊನ್ನೆಮರಕ್ಕೆ ನರಿ ಬಂತು!" ಎಂದು ಮುಸುವಜ್ಜ ಅರಚುತ್ತಿದ್ದುದು ನೇರವಾಗಿ ಕೇಳಿಸಿತು.

"ಹಂದಿಯಣ್ಣಾ, ಓಡು!"

ಕಾಡುಹಂದಿ ಬಿದಿರು ಮುರಿದ ಬಯಲಿನಲ್ಲಿ ನುಗ್ಗಿ ಬಂದು ಕೋರೆಯಿಂದ ನರಿಯನ್ನು ಎತ್ತಿ ಎಸೆಯಿತು. ನರಿ ಮುಳ್ಳುಪೊದೆಯಲ್ಲಿ ಬಿದ್ದು, "ನಾನು ದಾರಿ ಮುಚ್ಚಿದ್ದೆನಲ್ಲ! ಕೂಗು ಎಲ್ಲಿಂದ ಹೋಯಿತು?" ಎಂದು ನರಳಿತು.

ಕೆಂಚವ್ವ ಮೊಟ್ಟೆಗಳ ಮೇಲೆ ರೆಕ್ಕೆ ಹರಡಿ ಕೂತು, "ನೀನೇ ತೆರೆಸಿಕೊಟ್ಟ ದಾರಿಯಿಂದ, ನರಿಯಣ್ಣ" ಎಂದಳು.

ನೀತಿ: ದಾರಿಗಳು ಎಷ್ಟೇ ಇರಲಿ, ನಡೆಯಲು ಒಂದಿರಲಿ, ಆಪತ್ತಿಗೆ ಒಂದು ಕಾದಿರಲಿ. ಕೇಡಿಗೆಂದು ದಾರಿ ತೆರೆದವನು ಅದೇ ದಾರಿಯಲ್ಲಿ ಕೆಡುತ್ತಾನೆ.