ಯಂತ್ರದ ಪಾಲು

"ಗುರುಗಳೇ, ನನ್ನಲ್ಲಿರುವುದನ್ನೆಲ್ಲ ಸೇವೆಗೆ ಕೊಟ್ಟಿದ್ದೇನೆ. ಆದರೂ ಮಾಡುವ ಕೆಲಸದಲ್ಲೆಲ್ಲ ತಪ್ಪಾಗುತ್ತಿದೆ. ಇನ್ನೇನು ಕೊಡಲಿ?" ಎಂದು ಗುರುಬಸವ ಕೇಳಿದ. ಮಠದ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವನು ಅವನು. ಗುರುಗಳು ಮಠಕ್ಕೆ ಬರುವ ಮೊದಲು ಕಂಪ್ಯೂಟರ್ ಕಲಿಸುತ್ತಿದ್ದವರು. ಅವರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಮಂದಾಕಿನಿ ಎಂಬವಳಿದ್ದಳು. ರಕ್ತ ಬೇಕಾದವರಿಗೆ ದಾನಿಗಳನ್ನು ಹುಡುಕಿಕೊಡುವ ಒಂದು ವೆಬ್‌ಸೈಟಿನ ಸರ್ವರ್ ಯಂತ್ರವನ್ನು ನೋಡಿಕೊಳ್ಳುವುದು ಅವಳ ಕೆಲಸ. ಡೆಂಗ್ಯೂ ಹಬ್ಬಿದ ವರ್ಷ ಜನ ಮುಗಿಬಿದ್ದರು. ಪುಟ ನಡೆಸುವ ಅಪ್ಲಿಕೇಶನ್ನಿಗೆ ಯಂತ್ರದಲ್ಲಿ ಗೊತ್ತುಮಾಡಿದ್ದ ಮೆಮೊರಿ ಸಾಲದೆ ಅದು ನಿಂತುಹೋಯಿತು.

ಒಬ್ಬ ತಂದೆ ಫೋನ್ ಮಾಡಿದ. "ಅಮ್ಮಾ, ನಿಮ್ಮ ಪುಟ ತೆರೆಯುತ್ತಿಲ್ಲ. ಮಗಳು ಐಸಿಯುನಲ್ಲಿದ್ದಾಳೆ."

ಮಂದಾಕಿನಿ ದಾನಿಗಳ ಪಟ್ಟಿಯಿದ್ದ ಡೇಟಾಬೇಸಿನಲ್ಲಿ ತಾನೇ ಹುಡುಕಿ ಒಬ್ಬ ದಾನಿಯ ನಂಬರ್ ಕೊಟ್ಟಳು. ಫೋನ್ ಮಾಡಲು ತೋಚದವರ ಗತಿಯೇನು ಎಂದುಕೊಂಡಳು.

ಮೆಮೊರಿಯ ಮಿತಿ ಹೆಚ್ಚಿಸಿದಳು. ಅಪ್ಲಿಕೇಶನ್ ಸ್ವಲ್ಪ ಹೊತ್ತು ನಡೆದು ಮತ್ತೆ ನಿಂತಿತು. ಇನ್ನಷ್ಟು ಹೆಚ್ಚಿಸಿದಳು. ಕೊನೆಗೆ ಯಂತ್ರದಲ್ಲಿದ್ದ ಮೆಮೊರಿಯನ್ನೆಲ್ಲ ಅದಕ್ಕೇ ಬಿಟ್ಟುಕೊಟ್ಟಳು. ಆಗ ಇಡೀ ಯಂತ್ರವೇ ಉಸಿರುಕಟ್ಟಿ ಕೂತಿತು. ಡೇಟಾಬೇಸ್ ಇದ್ದದ್ದೂ ಅದರಲ್ಲೇ. ಮುಂದಿನ ಫೋನ್ ಬಂದಾಗ ಹುಡುಕಿಕೊಡುವ ದಾರಿಯೂ ಅವಳಿಗಿರಲಿಲ್ಲ. "ಸ್ವಲ್ಪ ತಾಳಿ" ಎಂದಷ್ಟೇ ಹೇಳಿ ಅತ್ತುಬಿಟ್ಟಳು.

ಅವಳಿಗೆ ಕೆಲಸ ಕಲಿಸಿದ್ದ ಹಿರಿಯರೊಬ್ಬರು ಬಂದರು. ಯಂತ್ರವನ್ನು ಮತ್ತೆ ಚಾಲೂ ಮಾಡಿ, ಸೆಟ್ಟಿಂಗ್ ನೋಡಿದರು.

"ಎಲ್ಲವನ್ನೂ ಅಪ್ಲಿಕೇಶನ್ನಿಗೇ ಕೊಟ್ಟಿದ್ದೀಯಲ್ಲಮ್ಮ. ಅದನ್ನು ಹೊತ್ತಿರುವ ಯಂತ್ರಕ್ಕೆ ಏನು ಉಳಿಯಿತು?"

"ಜನ ಕಾಯುತ್ತಿದ್ದರು ಸರ್. ಏನನ್ನಾದರೂ ಉಳಿಸಿಕೊಂಡರೆ ಪಾಪ ಅನ್ನಿಸಿತು."

ಹಿರಿಯರು ಬೈಯಲಿಲ್ಲ. ಕುರ್ಚಿಯನ್ನು ಅವಳಿಗೇ ಬಿಟ್ಟುಕೊಟ್ಟರು. ಮಿತಿಯನ್ನು ಇಳಿಸುವಾಗ ರೋಗಿಯ ಬಾಯಿಂದ ತುತ್ತು ಕಿತ್ತುಕೊಂಡಂತೆ ಅವಳಿಗೆ ಸಂಕಟವಾಯಿತು. ಆದರೂ ಇಳಿಸಿದಳು. ಡೇಟಾಬೇಸಿಗೆ ಬೇಕಾದಷ್ಟು ಬಿಟ್ಟಳು, ಯಂತ್ರದ ಸ್ವಂತ ಕೆಲಸಗಳಿಗೆ ಒಂದಿಷ್ಟು ಬಿಟ್ಟಳು. ಆಮೇಲೆ ಅಪ್ಲಿಕೇಶನ್ ಏನೇನನ್ನು ಹಿಡಿದಿಟ್ಟುಕೊಂಡಿದೆಯೆಂದು ನೋಡಿದಳು. ದಾನಿ ಸಿಕ್ಕಿ ಹೊರಟುಹೋದವರ ವಿವರವನ್ನೂ ಅದು ಬಿಡದೆ ಹೊತ್ತುಕೊಂಡಿತ್ತು. ಹೋದವರನ್ನು ಬೇಗ ಬಿಟ್ಟುಬಿಡುವಂತೆ ಅದನ್ನೂ ಸರಿಪಡಿಸಿದಳು.

ಮರುದಿನ ಜನ ಮತ್ತೆ ಮುಗಿಬಿದ್ದರು. ಪುಟ ತುಸು ನಿಧಾನವಾಗಿ ತೆರೆಯಿತು, ಆದರೆ ನಿಲ್ಲಲಿಲ್ಲ. ಮಧ್ಯಾಹ್ನ ಆ ತಂದೆಯ ಫೋನ್ ಬಂತು. ಮಗಳು ಕಣ್ಣು ಬಿಟ್ಟಿದ್ದಳಂತೆ. ಮಂದಾಕಿನಿ ಎದ್ದು ಹೋಗಿ ಮುಖ ತೊಳೆದುಕೊಂಡಳು.

ಕತೆ ಮುಗಿಯಿತು. ಗುರುಬಸವ, "ಹಾಗಾದರೆ ನಾನು ಯಾರಿಗೆ ಕಡಿಮೆ ಮಾಡಲಿ, ಗುರುಗಳೇ?" ಎಂದ.

ಗುರುಗಳು ಅವನ ಕೆಂಪೇರಿದ ಕಣ್ಣುಗಳನ್ನೇ ನೋಡುತ್ತ ಕೇಳಿದರು:

"ನೀನು ಕಣ್ತುಂಬ ನಿದ್ದೆ ಮಾಡಿ ಎಷ್ಟು ದಿನವಾಯಿತಪ್ಪ?"

ಗುರುಬಸವ ಬೆರಳು ಮಡಚಿ ಎಣಿಸತೊಡಗಿದ.